ಕೈಗೆ ಬಿದ್ದ ಪೆಟ್ರೋಲ್

ಬೆಳಿಗ್ಗೆ ಬೈಕಿನ ಪೆಟ್ರೋಲ್ ಪೈಪ್ ಬಿಚ್ಚುವಾಗ ಕೈ ಮೇಲೆ ನಾಲ್ಕು ಹನಿ ಬಿತ್ತು. ತಣ್ಣಗೆ ಚುರ್ ಅಂತು. ಒರೆಸೋಣ ಅಂತ ಬಟ್ಟೆ ಹುಡುಕುವಷ್ಟರಲ್ಲಿ ಮಾಯ. ವಾಸನೆ ಮಾತ್ರ ಉಳಿದಿತ್ತು.

ಅದೇ ಕೈಗೆ ಚೈನಿನ ಗ್ರೀಸೂ ಮೆತ್ತಿಕೊಂಡಿತ್ತು. ಮೂರು ಸಲ ಸೋಪು ಹಾಕಿ ಉಜ್ಜಿದೆ. ಉಗುರಿನ ಸಂದಿಯದು ಜಪ್ಪಯ್ಯ ಅನ್ನಲಿಲ್ಲ. ಇದನ್ನು ಟೈಪ್ ಮಾಡುವಾಗಲೂ ಕಾಣುತ್ತಿದೆ.

ತಮಾಷೆ ಅಂದ್ರೆ, ಎರಡರ ಮೂಲವೂ ಕಚ್ಚಾತೈಲವೇ.

ರಿಫೈನರಿಯಲ್ಲಿ ಅದನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎತ್ತರದ ಗೋಪುರದ ಬುಡದ ಹತ್ತಿರ ಒಳಗೆ ಬಿಡುತ್ತಾರೆ. ಬುಡ ಬಿಸಿ, ಮೇಲೆ ಹೋದಷ್ಟೂ ಬಿಸಿ ಕಡಿಮೆ. ಆವಿ ಏರುತ್ತಾ ಹೋಗುತ್ತದೆ. ಯಾವುದಕ್ಕೆ ಎಲ್ಲಿ ತಂಪು ಸಾಕಾಯಿತೋ ಅಲ್ಲೇ ಮತ್ತೆ ದ್ರವವಾಗಿ ತಟ್ಟೆಗಳ ಮೇಲೆ ನಿಲ್ಲುತ್ತದೆ. ಡೀಸೆಲ್ ಕೆಳಗೆ, ಸೀಮೆಎಣ್ಣೆ ಅದರ ಮೇಲೆ. ಪೆಟ್ರೋಲ್ ಆಗಬೇಕಾದ ನ್ಯಾಫ್ತಾ ಗ್ಯಾಸಿನ ಜೊತೆ ತುದಿಯವರೆಗೂ ಹೋಗಿಬಿಡುತ್ತದೆ. ನನ್ನ ಕೈಯಲ್ಲಿ ನಿಲ್ಲದ್ದು ಅಲ್ಲಿ ನಿಲ್ಲುತ್ತಾ!

ತಳದಲ್ಲಿ ಉಳಿದ ಮಂದ ಎಣ್ಣೆಯದೇ ಕಷ್ಟ. ಇನ್ನೂ ಕಾಯಿಸಿದರೆ ಅದರ ಅಣುಗಳೇ ಒಡೆಯತೊಡಗಿ, ಕೊಳವೆಗಳಲ್ಲಿ ಕೋಕ್, ಅಂದ್ರೆ ಇದ್ದಿಲಿನಂಥ ಗಟ್ಟಿ ಕರಿ, ಕಟ್ಟುತ್ತದೆ. ಅದಕ್ಕೇ ಇನ್ನೊಂದು ಗೋಪುರಕ್ಕೆ ಕಳಿಸಿ, ಒತ್ತಡ ಇಳಿಸಿ ಕುದಿಸುತ್ತಾರೆ. ಒತ್ತಡ ಇಳಿದರೆ ಕುದಿಯೋಕೆ ಅಷ್ಟು ಬಿಸಿ ಬೇಕಾಗಲ್ಲ. ಬೆಂಕಿ ಜಾಸ್ತಿ ಮಾಡುವ ಬದಲು ಒಳಗಿನ ಒತ್ತಡ ಕಡಿಮೆ ಮಾಡೋದು. ಎಂಥ ತಲೆ ಅಲ್ವಾ? ಗ್ರೀಸಿಗೆ ಬೇಕಾದ ಎಣ್ಣೆ ಸಾಮಾನ್ಯವಾಗಿ ಬರೋದು ಇಲ್ಲಿಂದಲೇ. ಇಲ್ಲೂ ಮೇಲೇಳದೆ ಕೂತಿದ್ದು ರಸ್ತೆಗೆ ಡಾಂಬರು.

ಅಂದಹಾಗೆ, ಪೈಪ್ ಇನ್ನೂ ಸೋರುತ್ತಿದೆ.