ಮಾರ್ಲಿಯ ಸರಪಳಿ

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಇಂಗ್ಲಿಷ್ ಲೇಖಕ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಮತ್ತೆ ಕೈಗೆತ್ತಿಕೊಂಡೆ. 1843ರ ಪುಟ್ಟ ಪುಸ್ತಕ. ಜಿಪುಣ ಸ್ಕ್ರೂಜ್ ಕೊನೆಗೆ ಒಳ್ಳೆಯವನಾಗುತ್ತಾನೆ, ಅದು ಎಲ್ಲರಿಗೂ ಗೊತ್ತಿರುವ ಕಥೆ ಅಲ್ವಾ?

ಈ ಸಲ ನನ್ನ ಕಣ್ಣು ನಿಂತಿದ್ದು ಅವನ ಪಾಲುದಾರ ಮಾರ್ಲಿಯ ಮೇಲೆ. ಸತ್ತು ಏಳು ವರ್ಷವಾದ ಮೇಲೆ ದೆವ್ವವಾಗಿ ಬರುತ್ತಾನೆ, ಸೊಂಟಕ್ಕೆ ಸರಪಳಿ. ಅದರಲ್ಲಿ ಏನೇನಿದೆ ನೋಡಿ: ದುಡ್ಡಿನ ಪೆಟ್ಟಿಗೆ, ಬೀಗ, ಬೀಗದ ಕೈ, ಲೆಕ್ಕದ ಪುಸ್ತಕ. ಬೇರೆ ಯಾರೋ ತಂದು ಬಿಗಿದಿದ್ದಲ್ಲ. ಬದುಕಿದ್ದಾಗ ಕೊಂಡಿಗೆ ಕೊಂಡಿ ಸೇರಿಸಿ ತಾನೇ ಮಾಡಿಕೊಂಡಿದ್ದು.

ಆದರೆ ಮೈ ಜುಂ ಅಂದಿದ್ದು ಇನ್ನೊಂದು ಕಡೆ. ಬಡವರಿಗಾಗಿ ಸಹಾಯ ಕೇಳಲು ಬಂದವರಿಗೆ ಸ್ಕ್ರೂಜ್, ಸಾಯುವವರು ಸಾಯಲಿ, ಜನಸಂಖ್ಯೆಯಾದರೂ ಕಮ್ಮಿಯಾಗುತ್ತದೆ ಅಂದಿರುತ್ತಾನೆ. ಆಮೇಲೆ ತನ್ನ ಗುಮಾಸ್ತನ ಮಗ, ಊರುಗೋಲು ಹಿಡಿದ ಪುಟ್ಟ ಟಿಮ್‌ನನ್ನು ನೋಡಿ, ‘ಇವನು ಬದುಕುತ್ತಾನಾ?’ ಅಂತ ಕೇಳುತ್ತಾನೆ. ಜೊತೆಗಿದ್ದ ಭೂತ (ಇದು ಮಾರ್ಲಿಯಲ್ಲ, ಬೇರೆಯದು) ಅವನ ಮಾತನ್ನೇ ಅವನಿಗೆ ವಾಪಸ್ ಕೊಡುತ್ತದೆ. ಬೈಯುವುದು ಆಮೇಲೆ; ಅದಕ್ಕೂ ಮೊದಲೇ ಸ್ಕ್ರೂಜ್ ತಲೆ ತಗ್ಗಿಸುತ್ತಾನೆ.

ಭೂತ ತೋರಿಸುವ ಭವಿಷ್ಯದಲ್ಲಿ, ಸ್ಕ್ರೂಜ್ ಸತ್ತ ಮೇಲೆ ಅವನ ಮಂಚದ ಪರದೆಯನ್ನು ಉಂಗುರ ಸಮೇತ ಬಿಚ್ಚಿ ಗುಜರಿಗೆ ಮಾರುವ ಕೆಲಸದಾಕೆಯ ಬಗ್ಗೆ ಬರೆಯಲು ಹೊರಟರೆ ಇದು ಸ್ಟೇಟಸ್ ಆಗಿ ಉಳಿಯಲ್ಲ, ಬಿಡಿ.

ನಿನ್ನೆ ಒಬ್ಬರು ಫೋನ್ ಮಾಡಿ ಸಹಾಯ ಕೇಳಿದ್ದರು. ‘ಅದು ನಿಮ್ಮ ಸಮಸ್ಯೆ’ ಅಂದು ಇಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಮೆಸೇಜ್ ಹಾಕಿದೆ. ಇನ್ನೂ ನೋಡಿಲ್ಲ.