ದಿನಾ ಕಟ್ಟುವ ಟೈಗೆ ಸಣ್ಣ ಬುಟ್ಟಾ

ಮೈಸೂರಿನ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಗಂಡಸರ ಸೂಟು, ಶರ್ಟು, ಟೈ ಮಾರುವ ಕೆಲಸ ನನ್ನದು. ಸೇರಿದ ಮೊದಲ ವರ್ಷ ಮಂಡ್ಯದ ಒಬ್ಬ ಹುಡುಗ ಬಂದಿದ್ದ. ಔಷಧಿ ಕಂಪನಿಯಲ್ಲಿ ರೆಪ್ ಕೆಲಸ ಸಿಕ್ಕಿತ್ತು. ದಿನಾ ಟೈ ಕಟ್ಟಬೇಕು, ಸದ್ಯಕ್ಕೆ ಒಂದಕ್ಕೇ ದುಡ್ಡಿದೆ ಅಂದ. ಮೆರೂನ್ ಬಣ್ಣದ ಮೇಲೆ ದೊಡ್ಡ ದೊಡ್ಡ ಮಾವಿನಕಾಯಿ ಇದ್ದ ಟೈ ತೆಗೆದುಕೊಟ್ಟೆ. ಟ್ಯೂಬ್‌ಲೈಟ್ ಕೆಳಗೆ ಮಿರಮಿರ ಮಿಂಚುತ್ತಿತ್ತು. ಅವನಿಗೂ ಖುಷಿ, ನನಗೂ ಖುಷಿ.

ಎರಡು ವಾರಕ್ಕೆ ವಾಪಸ್ ಬಂದ. ಜಗಳಕ್ಕಲ್ಲ. "ಸರ್, ಎರಡನೇ ಸಲಕ್ಕೇ ಕ್ಲಿನಿಕ್ಕಿನಲ್ಲಿ 'ಮತ್ತೆ ಅದೇ ಮಾವಿನಕಾಯಿನಾ' ಅಂದ್ರು. ಗೆರೆ ಶರ್ಟಿನ ಮೇಲಂತೂ ಹಾಕೋಕೇ ಆಗ್ತಿಲ್ಲ." ಅವನ ಹತ್ತಿರ ಇದ್ದದ್ದು ಮೂರೇ ಶರ್ಟು: ಬಿಳಿ, ತಿಳಿ ನೀಲಿ, ಸಣ್ಣ ನೀಲಿ ಗೆರೆಯದ್ದು. ಅದನ್ನು ನಾನು ಕೇಳಿಯೇ ಇರಲಿಲ್ಲ. ಕೌಂಟರ್ ಮೇಲೆ ಚೆಂದ ಕಂಡದ್ದನ್ನು ಕೊಟ್ಟುಬಿಟ್ಟಿದ್ದೆ. ಇವತ್ತಿಗೂ ಅದು ನನಗೆ ಬೇಜಾರು.

ಮಾವಿನಕಾಯಿ ಕೆಟ್ಟದ್ದಲ್ಲ. ಕಾಶ್ಮೀರದ ಶಾಲಿನ ಈ ಡಿಸೈನನ್ನು ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ನೇಕಾರರು ನೋಡಿ ನೇಯ್ದದ್ದರಿಂದಲೇ ಅದಕ್ಕೆ ಪೇಸ್ಲಿ ಅನ್ನುವ ಹೆಸರು ಬಂತು. ರಿಸೆಪ್ಷನ್ನಿಗೆ ಒಪ್ಪುತ್ತದೆ. ದಿನಾ ಹಾಕಿದರೆ ಮಾತ್ರ ಜನ ಮುಖ ಬಿಟ್ಟು ಟೈಯನ್ನೇ ನೋಡುತ್ತಾರೆ.

ಈಗ ನಾನು ಸೀರೆ ಭಾಷೆಯಲ್ಲೇ ಹೇಳುತ್ತೇನೆ, ಎಲ್ಲರಿಗೂ ತಕ್ಷಣ ಅರ್ಥ ಆಗುತ್ತದೆ. ದಿನಾ ಕಟ್ಟುವ ಟೈಗೆ ಸಣ್ಣ ಬುಟ್ಟಾ ಇರಲಿ, ಬುಟ್ಟಾ ನಡುವೆ ಜಾಗ ಇರಲಿ. ಮೈಸೂರು ಸಿಲ್ಕಿನ ಹಳೇ ಸೀರೆಗಳಲ್ಲಿ ಒಡಲು ಖಾಲಿ, ಜರಿಯೆಲ್ಲ ಅಂಚಿಗೆ. ಆ ಖಾಲಿಯೇ ಅದರ ಲಕ್ಷಣ ಅಲ್ವಾ? ಟೈಗೂ ಹಾಗೇ. ಕಡು ನೀಲಿ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ ಇದ್ದರೆ ಹತ್ತು ಅಡಿ ದೂರಕ್ಕೆ ಬರೀ ನೀಲಿ ಅನ್ನಿಸುತ್ತದೆ. ಎದುರು ಕೂತವರಿಗೆ ಮಾತ್ರ ಚುಕ್ಕಿ ಕಾಣುತ್ತದೆ.

ಶರ್ಟಿನ ಗೆರೆಯೂ ಟೈ ಡಿಸೈನೂ ಒಂದೇ ಅಳತೆ ಇದ್ದರೆ ಕಣ್ಣು ಕುಕ್ಕುತ್ತದೆ. ಶರ್ಟಿನ ಗೆರೆ ಸಣ್ಣದಿದ್ದರೆ ಟೈ ಡಿಸೈನು ಅದಕ್ಕಿಂತ ಸ್ವಲ್ಪ ದೊಡ್ಡದಿರಲಿ, ಬಿಡಿಬಿಡಿಯಾಗಿರಲಿ. ಶರ್ಟಿಗಿಂತ ಟೈ ಬಣ್ಣ ಗಾಢವಾಗಿರಲಿ. ಪಟ್ಟೆ ಟೈ ಕೇಳುವವರೂ ಜಾಸ್ತಿ. ಬ್ರಿಟಿಷ್ ರೆಜಿಮೆಂಟುಗಳ ಪಟ್ಟೆ, ಹಾಕಿಕೊಂಡವರ ಎಡ ಭುಜದ ಕಡೆಯಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಅನ್ನುವ ಬಟ್ಟೆ ಕಂಪನಿ ಪಟ್ಟೆಯ ದಿಕ್ಕನ್ನು ತಿರುಗಿಸಿತು. ನಮ್ಮ ಕಡೆ ಎರಡೂ ನಡೆಯುತ್ತದೆ. ಅಗಲ ಎಂಟು ಸೆಂಟಿಮೀಟರ್ ಆಸುಪಾಸು ಇದ್ದರೆ ಸಾಮಾನ್ಯ ಕೋಟಿನ ಲ್ಯಾಪೆಲ್‌ಗೆ, ಅಂದರೆ ಎದೆಯ ಮೇಲೆ ಮಡಚಿದ ಪಟ್ಟಿಗೆ, ಸರಿ.

ಡಿಸೈನು ಒಪ್ಪಿದ ಮೇಲೆ ಟೈಯನ್ನು ತಿರುಗಿಸಿ ಹಿಂಭಾಗ ತೋರಿಸುತ್ತೇನೆ. ಚೆನ್ನಾಗಿ ಹೊಲಿದದ್ದಾದರೆ ಅಗಲದ ತುದಿಯ ಒಳಗೆ ಸಡಿಲವಾಗಿ ಬಿಟ್ಟ ಒಂದು ದಾರ ಸಿಗುತ್ತದೆ. ಅದನ್ನು ಕತ್ತರಿಸಬೇಡಿ. ಕಟ್ಟುವಾಗ, ಬಿಚ್ಚುವಾಗ ಬಟ್ಟೆ ಎಳೆದುಕೊಂಡರೂ ಹೊಲಿಗೆ ಹರಿಯದಂತೆ ಕಾಯುವುದೇ ಆ ದಾರ. ಆಮೇಲೆ ಸಣ್ಣ ತುದಿ ಹಿಡಿದು ಇಳಿಬಿಡುತ್ತೇನೆ. ಟೈ ನೆಟ್ಟಗೆ ನಿಂತರೆ ಬಟ್ಟೆಯನ್ನು 45 ಡಿಗ್ರಿ ಓರೆಗೆ ಸರಿಯಾಗಿ ಕತ್ತರಿಸಿದ್ದಾರೆ ಅಂತ ಅರ್ಥ. ತಿರುಚಿಕೊಂಡರೆ ಗಂಟು ಹಾಕಿದ ಮೇಲೂ ತಿರುಚುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಹೀಗೆ ಓರೆ ಕತ್ತರಿಸಿ ಮೂರು ತುಂಡು ಜೋಡಿಸುವ ಕ್ರಮಕ್ಕೆ ಪೇಟೆಂಟ್ ತೆಗೆದುಕೊಂಡ. ಒಳ್ಳೆಯ ಟೈಗಳನ್ನು ಇವತ್ತಿಗೂ ಹಾಗೇ ಮಾಡುತ್ತಾರೆ.

ಆ ಹುಡುಗನಿಗೆ ಅವತ್ತು ಕಡು ನೀಲಿಯ ಸಣ್ಣ ಬುಟ್ಟಾ ಟೈ ಬದಲಾಯಿಸಿ ಕೊಟ್ಟೆ. ಮೂರು ಶರ್ಟಿಗೂ ಹೊಂದಿತು. ಹೋದ ತಿಂಗಳು ಮತ್ತೆ ಬಂದಿದ್ದ. ಗಂಟು ಬೀಳುವ ಜಾಗದಲ್ಲಿ ಟೈ ಸವೆದು ನೂಲು ಎದ್ದಿತ್ತು. "ಇದೇ ಥರದ್ದು ಇನ್ನೊಂದು ಕೊಡಿ" ಅಂದ. ಮೆರೂನಿನಲ್ಲಿ ಅದೇ ಅಳತೆಯ ಬುಟ್ಟಾ ತೆಗೆದು, ಮೊದಲು ಬಾಗಿಲ ಹತ್ತಿರ ಬಿಸಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ.