ಹಲೋ, ಯಾರು ಮಾತಾಡೋದು?

ಫೋನ್ ಎತ್ತಿದರೆ ಮೊದಲು ಬಾಯಿಗೆ ಬರುವುದು ‘ಹಲೋ’. ಇದು ಬಹಳ ಹಳೆಯ, ತುಂಬ ಮರ್ಯಾದಸ್ಥ ಪದ ಅಂತ ಅನಿಸುತ್ತೆ ಅಲ್ವಾ? ಅಷ್ಟೇನಿಲ್ಲ. ಈ ರೂಪ ಅಮೆರಿಕದಲ್ಲಿ ಅಚ್ಚಾಗಿ ಕಾಣಿಸಿಕೊಂಡದ್ದು 1820ರ ದಶಕದಲ್ಲಿ. ಅದಕ್ಕೂ ಹಿಂದೆ ಹಾಲೋ, ಹೊಲ್ಲಾ ಅಂತೆಲ್ಲ ಇದರ ಅಣ್ಣತಮ್ಮಂದಿರಿದ್ದರು. ಅವೆಲ್ಲ ಬರೀ ಕೂಗುಗಳು. ದೂರದಲ್ಲಿರುವವರನ್ನು ಕರೆಯೋಕೆ, ಬೇಟೆನಾಯಿಗಳನ್ನು ಹುರಿದುಂಬಿಸೋಕೆ. ಅಚ್ಚರಿಯಾದರೂ ‘ಹಲೋ, ಇದೇನಿದು!’ ಅನ್ನುತ್ತಿದ್ದರು.

ಈಗಲೂ ಯಾರಾದರೂ ಸಾಲಿನಲ್ಲಿ ನುಗ್ಗಿದರೆ ‘ಹಲೋ!’ ಅಂತ ಗದರುತ್ತೇವಲ್ಲ, ಹಳೇ ಬುದ್ಧಿ ಪೂರ್ತಿ ಹೋಗಿಲ್ಲ.

ಇದನ್ನು ಮರ್ಯಾದಸ್ಥನನ್ನಾಗಿ ಮಾಡಿದ್ದು ಟೆಲಿಫೋನ್. 1876ರಲ್ಲಿ ಅದರ ಪೇಟೆಂಟ್ ಪಡೆದ ಗ್ರಹಾಂ ಬೆಲ್‌ಗೆ ಇಷ್ಟವಾಗಿದ್ದು ನಾವಿಕರ ಕೂಗು, ‘ಅಹೋಯ್’. ಥಾಮಸ್ ಎಡಿಸನ್ ಒಪ್ಪಲಿಲ್ಲ. 1877ರಲ್ಲಿ ಬರೆದ ಪತ್ರದಲ್ಲಿ, ಕರೆಗಂಟೆಯೇ ಬೇಡ, ‘ಹಲೋ’ ಅಂದರೆ 10-20 ಅಡಿ ದೂರಕ್ಕೂ ಕೇಳುತ್ತೆ ಅಂದರು. ಅವರಿಗೆ ಬೇಕಿದ್ದದ್ದು ನಮಸ್ಕಾರವಲ್ಲ, ಜೋರಾಗಿ ಕೇಳಿಸೋ ಸದ್ದು. ಎಡಿಸನ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಅನ್ನೋದನ್ನು ಇದರ ಜೊತೆ ಇಟ್ಟು ನೋಡಿದರೆ ಮಜಾ ಅನಿಸುತ್ತೆ.

ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಈ ಪದ ನೆಲೆಯೂರಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳಿಗೆ ‘ಹಲೋ ಗರ್ಲ್ಸ್’ ಅನ್ನೋ ಹೆಸರೇ ಬಂತು. ಪಾಪ ಬೆಲ್. ಯಂತ್ರ ಗೆದ್ದಿತು, ಅಹೋಯ್ ಸೋತಿತು. ಗೆದ್ದಿದ್ದರೆ ಆಫೀಸಿನ ಕಾಲ್‌ಗಳಲ್ಲೆಲ್ಲ ನಾವು ಹಡಗು ನಡೆಸುವವರ ಹಾಗೆ ಕೂಗುತ್ತಿದ್ದೆವು. ನನಗಂತೂ ಅದೇ ಜಾಸ್ತಿ ಇಷ್ಟ!